ಜುಟ್ಟಿನ ಮೀನು

ಮೂರನೆಯ ಗುರುವಾರವೂ ಕುನ್‌ಶಾನ್ ಆ ನೀಲಿ ಅಂಗಿಯನ್ನೇ ಬೆರಳು ಮಾಡಿ ತೋರಿಸಿದಾಗ ಬೀಯುನ್‌ಳ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆ ಒಂದು ಕ್ಷಣ ತಡೆದು ನಿಂತಿತು. ಬೂದು ಅಂಗಿಗೆ ಆಗಲೇ ಇಸ್ತ್ರಿಯಾಗಿತ್ತು. ಎಂಟು ತಿಂಗಳಿಂದ ಆಸ್ಪತ್ರೆಗೆ ಹೋಗುವಾಗೆಲ್ಲ ಅವನು ಹಾಕುತ್ತಿದ್ದದ್ದು ಅದನ್ನೇ. ಎದೆಯ ಮೇಲೆ ಗಂಜಿ ಸೋರಿದರೂ ಎದ್ದು ಕಾಣದ ಬಣ್ಣ ಎಂದು ಅವಳೇ ಹುಡುಕಿ ತಂದದ್ದು. "ಇದಕ್ಕೇನಾಗಿದೆ?" ಎಂದಳು. "ಬೊ... ಬೊ," ಎಂದ ಅವನು, ಎಡಗೈಯನ್ನು ಬೀರುವಿನತ್ತ ಇನ್ನಷ್ಟು ಚಾಚಿ. ಲಕ್ವ ಹೊಡೆದು ಬಲಭಾಗ ಬಿದ್ದ ದಿನದಿಂದ ಅವನ ಬಾಯಲ್ಲಿ ಉಳಿದದ್ದು ಆ ಒಂದು ಸದ್ದು. ನೀರು ಬೇಕಾದರೂ ಬೊ, ಬಚ್ಚಲಿಗೆ ಹೋಗಬೇಕಾದರೂ ಬೊ. ಅದರ ಏರಿಳಿತದಲ್ಲೇ ಬೇಕು ಬೇಡಗಳನ್ನೆಲ್ಲ ಅರ್ಥಮಾಡಿಕೊಳ್ಳುವುದನ್ನು ಅವಳು ಕಲಿತಿದ್ದಳು, ಮತ್ತು ಹಾಗೆ ಕಲಿತದ್ದರ ಬಗ್ಗೆ ಒಳಗೊಳಗೇ ಒಂದು ಹೆಮ್ಮೆಯೂ ಇತ್ತು: ಈ ಭಾಷೆ ಲೋಕದಲ್ಲಿ ಗೊತ್ತಿರುವುದು ತನಗೊಬ್ಬಳಿಗೇ. ಈಗ ಆ ಬೊ ಹೇಳುತ್ತಿದ್ದದ್ದೂ ಅವಳಿಗೆ ಚೆನ್ನಾಗಿಯೇ ತಿಳಿಯಿತು. ಆಸ್ಪತ್ರೆಗೆ ಬೂದು ಅಂಗಿ ಸಾಕು, ಮೀನಿನಂಗಡಿಗೆ ನೀಲಿಯೇ ಬೇಕು.

ನೀಲಿ ಅಂಗಿ ಅವನ ಹರಾಜಿನ ದಿನಗಳದ್ದು. ತುಂಗ್‌ಕಾಂಗ್ ಬಂದರಿನ ಕಟ್ಟೆಯ ಮೇಲೆ ನಿಂತು ಮೂವತ್ತೆಂಟು ವರ್ಷ ಟ್ಯೂನಾ ಮೀನಿನ ಹರಾಜು ಕೂಗಿದವನು ಅವನು. ಮೈಕು ಕೆಟ್ಟ ದಿನವೂ ಅವನ ದನಿ ದೋಣಿಗಳ ಇಂಜಿನ್ ಸದ್ದನ್ನು ದಾಟಿ ಐಸ್ ಕಾರ್ಖಾನೆಯ ಗೇಟಿನವರೆಗೆ ಕೇಳುತ್ತಿತ್ತಂತೆ. ಅದೇ ದನಿಯನ್ನು ಅವನು ಮನೆಗೂ ತರುತ್ತಿದ್ದ. ಉಪ್ಪು ಕೇಳುವುದಕ್ಕೂ ಅದೇ ದನಿ, ಮಗನ ಶಾಲೆಯ ಫಲಿತಾಂಶ ಕೇಳುವುದಕ್ಕೂ ಅದೇ. ಬಾಯಿ ಮುಚ್ಚು, ಅಕ್ಕಪಕ್ಕದವರು ಏನಂದುಕೊಳ್ಳುತ್ತಾರೆ, ಎಂದು ಅವಳು ನಲವತ್ತನಾಲ್ಕು ವರ್ಷ ಹೇಳುತ್ತ ಬಂದಿದ್ದಳು. ಆ ಮಧ್ಯಾಹ್ನವೂ ಹೇಳಿದ್ದಳು. ಸಾರಿನಲ್ಲಿ ಶುಂಠಿ ಇಲ್ಲ ಎಂದು ಅವನು ಮೂರನೆಯ ಸಲ ಕೂಗಿದಾಗ, ಒಲೆಯ ಕಡೆಯಿಂದ ತಿರುಗದೆಯೇ, "ಒಂದ್ ದಿನವಾದ್ರೂ ಸ್ವಲ್ಪ ಬಾಯಿ ಮುಚ್ಕೊಂಡಿರೋಕೆ ಏನು ತಗೋತೀಯಾ?" ಎಂದಿದ್ದಳು. ಹಿಂದೆ ಚಮಚ ಬಿದ್ದ ಸದ್ದಾಯಿತು. ಬೇಕೆಂದೇ ಬೀಳಿಸಿದ್ದಾನೆ ಎಂದುಕೊಂಡು ಬೆಳ್ಳುಳ್ಳಿ ಜಜ್ಜುತ್ತ ನಿಂತೇ ಇದ್ದಳು. ಎಷ್ಟು ಹೊತ್ತು ಎಂದು ವೈದ್ಯರು ಆಮೇಲೆ ಕೇಳಿದಾಗ, ತಕ್ಷಣ ನೋಡಿದೆ ಎಂದಳು. ಯಾರಿಗೂ ಅವಳು ನಿಜ ಹೇಳಿಲ್ಲ. ನೀಲಿ ಅಂಗಿಯ ಕಾಲರಿಗೆ ಇಸ್ತ್ರಿ ಒತ್ತುವಾಗ ಈಗಲೂ ಅವಳ ಕಿವಿಯಲ್ಲಿ ಆ ಚಮಚ ಬಿತ್ತು.

ಮೀನು ಸಾಕುವ ಯೋಚನೆ ಅವಳದಲ್ಲ. ಮಾತು ಕಲಿಸುವ ಹುಡುಗಿ ಆಸ್ಪತ್ರೆಯಲ್ಲಿ ಹೇಳಿದ್ದಳು: ಅಜ್ಜನಿಗೆ ಮನೆಯಲ್ಲಿ ಮನಸ್ಸು ಹಚ್ಚುವಂಥದ್ದು ಏನಾದರೂ ಇರಲಿ, ಮಾತನ್ನು ಜಗ್ಗಿ ಎಳೆಯಬೇಡಿ, ಭಾರ ಇಲ್ಲದ ಕಡೆ ಅದು ತಾನಾಗಿ ಬರುತ್ತದೆ. ಭಾರ ಇಲ್ಲದ ಕಡೆ. ಆ ಹುಡುಗಿಗೆ ಇಪ್ಪತ್ತಾರು ವರ್ಷವಿರಬೇಕು. ಏನೂ ಮನಸ್ಸಿನಲ್ಲಿಟ್ಟುಕೊಂಡು ಹೇಳಿದವಳಲ್ಲ. ಆದರೂ ಬೀಯುನ್‌ಗೆ ಆ ಮಾತು ಮುಳ್ಳಿನಂತೆ ಕೂತಿತು. ಅದೇ ದಿನ ವಾಪಸು ಬರುವಾಗ ಕುನ್‌ಶಾನ್ ಟ್ಯಾಕ್ಸಿಯ ಗಾಜನ್ನು ಎಡಗೈಯಿಂದ ದಬದಬ ಬಡಿದ. ರಸ್ತೆಯಾಚೆ ಒಂದು ಚಿಕ್ಕ ಅಂಗಡಿ. ಒಳಗೆ ಗೋಡೆಯ ಉದ್ದಕ್ಕೂ ಸಾಲಾಗಿ ಗಾಜಿನ ತೊಟ್ಟಿಗಳು, ಒಂದೊಂದರಲ್ಲೂ ಚಹಾದ ಬಣ್ಣದ ನೀರು. ರಬ್ಬರ್ ಏಪ್ರನ್ ಕಟ್ಟಿದ್ದ ಹೆಂಗಸೊಬ್ಬಳು ಬಾಗಿಲಿಗೆ ಬಂದು, ಗಾಲಿಕುರ್ಚಿಯನ್ನು ಮೆಟ್ಟಿಲ ಮೇಲೆ ಎತ್ತುವುದಕ್ಕೆ ತಾನೇ ಕೈ ಹಾಕಿದಳು. "ಬನ್ನಿ ಅಣ್ಣಾ, ಬನ್ನಿ. ಒಳಗೆ ತಂಪಾಗಿದೆ. ದೊಡ್ಡಮ್ಮ, ನೀವು ಆ ಸ್ಟೂಲ್ ಮೇಲೆ ಕೂತ್ಕೊಳ್ಳಿ, ಪಾಪ."

ಅವನು ಅಣ್ಣ, ತಾನು ದೊಡ್ಡಮ್ಮ. ಅವನಿಗೆ ಎಪ್ಪತ್ತೊಂದು, ತನಗೆ ಅರವತ್ತೇಳು. ಮನೆಗೆ ಬಂದ ಮೇಲೆ ಬೀಯುನ್ ಸ್ನಾನದ ಮನೆಯ ಕನ್ನಡಿಯ ಮುಂದೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತಳು.

ಆ ಹೆಂಗಸಿನ ಹೆಸರು ಲೀಚಿಂಗ್. ನಲವತ್ತೈದರ ಆಚೀಚೆ, ಕೂದಲನ್ನು ಒಂದು ಚಾಪ್‌ಸ್ಟಿಕ್‌ನಿಂದ ಮೇಲಕ್ಕೆ ಸಿಕ್ಕಿಸಿಕೊಂಡವಳು, ಮೊಣಕೈವರೆಗೆ ಸದಾ ಒದ್ದೆ. ಅವಳ ಅಂಗಡಿಯಲ್ಲಿದ್ದದ್ದು ಹೆಚ್ಚಾಗಿ ಗಿಡ್ಡ ಸಿಕ್ಲಿಡ್‌ಗಳೇ: ಬೆರಳುದ್ದದ, ಎಲ್ಲೋ ಅಮೆಜಾನಿನ ಕಡೆಯ ತೊರೆಗಳ ಮೀನುಗಳು. ಆಳುದ್ದದ ಟ್ಯೂನಾಗಳನ್ನು ಜೀವಮಾನವಿಡೀ ಹರಾಜು ಹಾಕಿದ ಗಂಡಸು ಅವುಗಳಲ್ಲಿ ಏನು ಕಂಡನೋ. ಮೂತಿ ಗಾಜಿಗೆ ತಾಗುವಷ್ಟು ಬಗ್ಗಿ ನೋಡುತ್ತಿದ್ದ. ಅವನು ನೋಡಿದ ಮೀನೆಲ್ಲ ಸತ್ತದ್ದೇ, ಬಾಲ ಕತ್ತರಿಸಿ ಸಾಲಾಗಿ ಮಲಗಿಸಿದ್ದೇ, ಎಂದು ಬೀಯುನ್‌ಗೆ ಆಗ ಹೊಳೆಯಿತು. ಲೀಚಿಂಗ್ ಅವಸರ ಮಾಡಲಿಲ್ಲ. ಇವತ್ತು ತೊಟ್ಟಿ ಒಯ್ಯಿರಿ, ಮರಳು ಹಾಸಿ, ತೆಂಗಿನ ಚಿಪ್ಪು ಬೋರಲು ಹಾಕಿ ಗುಹೆ ಮಾಡಿ, ಒಣಗಿದ ಕಾಡುಬಾದಾಮಿ ಎಲೆ ಎರಡು ಬಿಡಿ, ಮೀನು ಮಾತ್ರ ಈಗ ಬೇಡ ಎಂದಳು. "ನೀರು ಹದಕ್ಕೆ ಬರ್ಬೇಕು ಅಣ್ಣಾ. ಮೂರ್ ನಾಲ್ಕ್ ವಾರ. ವಾರಕ್ಕೊಂದ್ ಸಲ ಒಂದು ಸೀಸೆ ನೀರು ತಂದು ತೋರ್ಸಿ, ನಾನು ಪರೀಕ್ಷೆ ಮಾಡ್ತೀನಿ. ಅಷ್ಟರೊಳಗೆ ಯಾವ ಮೀನು ಬೇಕು ಅಂತ ನೀವು ಆರಿಸ್ಕೊಳ್ಳಿ. ಮೊದಲ ಮೀನು, ಗಡಿಬಿಡಿ ಮಾಡ್ಬಾರ್ದು."

ಹೀಗೆ ಗುರುವಾರಗಳು ಶುರುವಾದವು. ಆಸ್ಪತ್ರೆ ಮುಗಿಸಿ ಮೀನಿನಂಗಡಿ. ಬೆಳಗ್ಗೆ ಎದ್ದವನೇ ಅವನು ತೊಟ್ಟಿಯ ನೀರನ್ನು ಸೋಯಾ ಸಾಸಿನ ಹಳೆಯ ಸೀಸೆಗೆ ತುಂಬಿಸಿ ತೊಡೆಗಳ ನಡುವೆ ಇಟ್ಟುಕೊಂಡು ಕೂರುತ್ತಿದ್ದ. ಗಡ್ಡ ಬೋಳಿಸು ಎಂದು ಕೆನ್ನೆ ತೋರಿಸುತ್ತಿದ್ದ. ಅವಳು ಬೋಳಿಸುತ್ತಿದ್ದಳು; ಬಾಯಿ ವಾರೆಯಾದ ಕಡೆ ಚರ್ಮವನ್ನು ಹೆಬ್ಬೆರಳಿನಿಂದ ಎಳೆದು ಹಿಡಿದು, ರಕ್ತ ಬರದಂತೆ. ಇನ್ನೊಬ್ಬಳಿಗೆ ತೋರಿಸುವುದಕ್ಕೆ ಮದುಮಗನನ್ನು ತಯಾರು ಮಾಡುವ ಕ್ಷೌರಿಕನ ಹಾಗಾಯಿತಲ್ಲ ನನ್ನ ಪಾಡು ಎಂದು ಒಂದು ದಿನ ಅನ್ನಿಸಿ ನಗು ಬಂತು. ನಗು ಅರ್ಧಕ್ಕೇ ನಿಂತಿತು.

ಎರಡನೆಯ ಗುರುವಾರ ನಡೆದದ್ದನ್ನು ಮಾತ್ರ ಅವಳಿಗೆ ಎಷ್ಟು ನೂಕಿದರೂ ಆಚೆ ನೂಕಲಾಗಲಿಲ್ಲ. ಲೀಚಿಂಗ್ ಒಂದೊಂದೇ ತೊಟ್ಟಿಯ ಮುಂದೆ ಅವನ ಕುರ್ಚಿಯನ್ನು ತಳ್ಳುತ್ತ ಹೇಳುತ್ತಿದ್ದಳು. "ಇದು ರ‍್ಯಾಮ್. ನೋಡೋಕೆ ರಾಣಿ. ಆದ್ರೆ ಬಿಸಿನೀರೇ ಬೇಕು, ಚೂರು ಹೆಚ್ಚುಕಮ್ಮಿಯಾದ್ರೂ ಹೊಟ್ಟೆ ಮೇಲೆ ಮಾಡ್ಕೊಳ್ಳತ್ತೆ. ಮೊದಲ ಸಲಕ್ಕೆ ಬೇಡ. ಈ ಕೆಂಪು ಹೊಟ್ಟೆಯದು ಗಟ್ಟಿಗಿತ್ತಿ, ಆದ್ರೆ ಜಗಳಗಂಟಿ. ಮರಿ ಮಾಡ್ತು ಅಂದ್ರೆ ಇಡೀ ತೊಟ್ಟಿ ತನ್ದೇ ಅನ್ನತ್ತೆ. ಇದು ಕಾಕಟೂ, ಇದಕ್ಕೆ ಸ್ವಲ್ಪ ಹಿಂದೆಮುಂದೆ ಆದ್ರೂ ತಡ್ಕೊಳ್ಳತ್ತೆ. ಯಾವುದು ಅಣ್ಣಾ?" ಎಂದು ಕೇಳಿ, ಅವನಿಗೆ ಬೆನ್ನು ಹಾಕಿ ಪಕ್ಕದ ತೊಟ್ಟಿಯ ಗಾಜಿನ ಪಾಚಿ ಕೆರೆಯುತ್ತ ನಿಂತಳು. "ಇವನಿಗೆ ಕೆಂಪು ಅಂದ್ರೆ ಇಷ್ಟ, ಆ ಕೆಂಪು ಹೊಟ್ಟೆಯದೇ ಕೊಡು," ಎಂದಳು ಬೀಯುನ್. ಲೀಚಿಂಗ್ ತಿರುಗದೆಯೇ, "ಅಣ್ಣ ಹೇಳ್ಲಿ ಬಿಡಿ ದೊಡ್ಡಮ್ಮ. ಅವರ ಮೀನು ತಾನೆ," ಎಂದಳು. ಮೆದುವಾಗಿಯೇ. ಆ ಮೆದುವಿಗೇ ಬೀಯುನ್‌ಳ ಕಿವಿ ಬಿಸಿಯಾಯಿತು. ಎಂಟು ತಿಂಗಳಿಂದ ವೈದ್ಯರಿಗೆ, ನರ್ಸಿಗೆ, ಫೋನಿನಲ್ಲಿ ಮಗನಿಗೆ, ಎಲ್ಲರಿಗೂ ಅವನ ಪರವಾಗಿ ಉತ್ತರ ಹೇಳಿದವಳು ತಾನು. ಹೇಳುತ್ತಾನಂತೆ! ಕಬ್ಬಿನ ಹಾಲು ತರುತ್ತೇನೆಂದು ಎದ್ದು ಹೊರಗೆ ಹೋದಳು. ಗಾಣದವನ ಮುಂದೆ ಇಬ್ಬರಿದ್ದರು, ಐದು ನಿಮಿಷವಾಗಿರಬೇಕು. ಪ್ಲಾಸ್ಟಿಕ್ ಲೋಟ ಎರಡನ್ನು ಹಿಡಿದು ಮೆಟ್ಟಿಲ ಬಳಿ ಬಂದಾಗ ಒಳಗಿನಿಂದ ಆ ದನಿ ಕೇಳಿಸಿತು. ತುಕ್ಕು ಹಿಡಿದಿತ್ತು, ಎಡವುತ್ತಿತ್ತು, ಆದರೆ ಅದೇ ದನಿ.

"ಜು... ಜುಟ್ಟು."

"ಜುಟ್ಟು!" ಎಂದು ಲೀಚಿಂಗ್ ಕೈ ತಟ್ಟಿದ ಸದ್ದು. "ಹೌದಲ್ಲಾ ಅಣ್ಣಾ, ಕಾಕಟೂ ಕಾಕಟೂ ಅಂತ ಆ ಜುಟ್ಟಿನ ಗಿಳಿ ಹೆಸರಲ್ಲೇ ಇಷ್ಟ್ ವರ್ಷ ಮಾರ್ತಿದ್ದೀನಿ, ಜುಟ್ಟು ಅಂತ ನಂಗೇ ಹೊಳೀಲಿಲ್ವಲ್ಲ!" ಬೀಯುನ್ ಹೊಸಿಲಿನಲ್ಲೇ ನಿಂತಳು. ತೊಟ್ಟಿಯೊಳಗೆ ಕಿತ್ತಳೆ ಬಾಲದ ಆ ಪುಟ್ಟ ಗಂಡು ಬೆನ್ನ ಮೇಲಿನ ಎಳೆಗಳನ್ನು ನಿಗುರಿಸಿಕೊಂಡು ನಿಂತಿತ್ತು, ಕುನ್‌ಶಾನನ ಕಣ್ಣಿನಲ್ಲಿ ನೀರಿತ್ತು, ಲೀಚಿಂಗ್ ಅವನ ಸತ್ತ ಕೈಯನ್ನು, ತಾನು ದಿನಾ ಎಣ್ಣೆ ತಿಕ್ಕಿ ಬೆರಳು ಬೆರಳು ಬಿಡಿಸುತ್ತಿದ್ದ ಆ ಕೈಯನ್ನು, ತನ್ನ ಒದ್ದೆ ಕೈಗಳಲ್ಲಿ ಹಿಡಿದಿದ್ದಳು. ಸಂತೋಷವಾಗಬೇಕಿತ್ತು. ವಾಂಗ್‌ಯೆ ದೇವರ ಗುಡಿಯಲ್ಲಿ ಮಂಡಿಯೂರಿ ಎಂಟು ತಿಂಗಳು ಬೇಡಿದ್ದು ಇದನ್ನೇ ಅಲ್ಲವೆ? ಒಂದು ಮಾತು, ಒಂದೇ ಒಂದು. ಯಾರ ಮುಂದೆ ಎಂದು ಬೇಡಿಕೊಳ್ಳುವುದನ್ನು ಮರೆತಿದ್ದಳು. "ದೊಡ್ಡಮ್ಮ, ಕೇಳಿಸ್ತಾ? ಕೇಳಿಸ್ತಾ?" ಎಂದು ಲೀಚಿಂಗ್ ಕೂಗಿದಾಗ, "ಎಲ್ಲಿ, ಏನಂದ? ನಂಗೇನೂ ಕೇಳ್ಲಿಲ್ಲ," ಎಂದುಬಿಟ್ಟಳು.

ಆ ರಾತ್ರಿಯಲ್ಲ, ಮಾರನೆಯ ದಿನ ಮಧ್ಯಾಹ್ನ, ಹೂಮೀನಿನ ಗಂಜಿ ಕುಡಿಸಿ ಬಾಯಿ ಒರೆಸಿದ ಮೇಲೆ, ಬಾಗಿಲು ಹಾಕಿಕೊಂಡು ಅವನ ಮುಂದೆ ಕೂತಳು. "ಹೇಳು. ಜುಟ್ಟು." "ಬೊ," ಎಂದ. "ಬೊ ಅಲ್ಲ. ಜು." ಅವನು ಕಿಟಕಿಯತ್ತ ನೋಡಿದ. ಆಗ ಅವಳು ಮಾಡಿದ್ದನ್ನು ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ: ಕೂದಲನ್ನು ಬಿಚ್ಚಿ, ಎರಡೂ ಕೈಯಿಂದ ಬಾಚಿ ನೆತ್ತಿಯ ಮೇಲೆ ನೆಟ್ಟಗೆ ಎತ್ತಿ ಹಿಡಿದು, ಅರವತ್ತೇಳು ವರ್ಷದ ಮುದುಕಿ, ಮೀನಿನ ಹಾಗೆ ಕತ್ತನ್ನು ಅತ್ತಿತ್ತ ಆಡಿಸಿದಳು. "ಇದೇನು? ಇದೇನು ಹೇಳು?" ಕುನ್‌ಶಾನ್ ಅವಳನ್ನು ನೋಡಿದ. ಗಾಬರಿಯಿಂದಲ್ಲ, ಸಿಟ್ಟಿನಿಂದಲ್ಲ, ಒಂದು ಬಗೆಯ ಮರುಕದಿಂದ. ಕೈ ಕೆಳಗಿಳಿಸಿದಳು. ಕೂದಲು ಮುಖದ ಮೇಲೆ ಬಿತ್ತು. ಹಾಗೇ ಸ್ವಲ್ಪ ಹೊತ್ತು ಇರಲಿ ಎಂದು ಬಿಟ್ಟಳು.

ಅದಾದ ಮೇಲೆ ಬಂದದ್ದೇ ಈ ಮೂರನೆಯ ಗುರುವಾರ, ನೀಲಿ ಅಂಗಿಯದ್ದು. ಅಂಗಡಿಯ ಆ ತೊಟ್ಟಿಗೆ ಲೀಚಿಂಗ್ ಒಂದು ಚೀಟಿ ಅಂಟಿಸಿದ್ದಳು. ದಪ್ಪ ಮಸಿಯಲ್ಲಿ 'ಜುಟ್ಟು' ಎಂದು ಬರೆದಿತ್ತು. ಕುನ್‌ಶಾನ್ ಅದನ್ನು ಬೆರಳಿನಿಂದ ಸವರಿ ಸವರಿ ನೋಡಿದ. ಲೀಚಿಂಗ್ ಅವನ ಸೀಸೆಯ ನೀರಿಗೆ ಹನಿ ಬಿಟ್ಟು, ಬಣ್ಣ ನೋಡಿ, "ಮುಂದಿನ ವಾರಕ್ಕೆ ರೆಡಿ ಅಣ್ಣಾ," ಎಂದಳು. "ನಿಮ್ಮ ತೊಟ್ಟಿ ಉದ್ದ ಇದೆ, ಒಂದು ಗಂಡಿಗೆ ಎರಡು ಹೆಣ್ಣು ಬಿಡ್ಬಹುದು. ಒಂದೊಂದಕ್ಕೆ ಒಂದೊಂದು ಚಿಪ್ಪು ಕೊಟ್ರೆ ಆಯ್ತು."

"ಒಂದು ಹೆಣ್ಣು ಸಾಕು," ಎಂದಳು ಬೀಯುನ್.

ದನಿ ತಾನಂದುಕೊಂಡದ್ದಕ್ಕಿಂತ ಜೋರಾಗಿತ್ತು. ಗುಪ್ಪಿ ನೋಡುತ್ತಿದ್ದ ಗಿರಾಕಿಯೊಬ್ಬ ತಿರುಗಿ ನೋಡಿದ. ಲೀಚಿಂಗ್, ಅರ್ಥವಾಗಿಯೋ ಆಗದೆಯೋ, ಗಂಟಲು ತುಂಬ ನಕ್ಕಳು. "ಕೇಳಿದ್ರಾ ಅಣ್ಣಾ, ಮನೆಯವರ ಅಪ್ಪಣೆ!" ಕುನ್‌ಶಾನನೂ ನಕ್ಕ. ಅರ್ಧ ಬಾಯಿಯಲ್ಲಿ, ಜೊಲ್ಲು ಸುರಿಯುತ್ತ. ಅವನು ನಕ್ಕು ಎಂಟು ತಿಂಗಳಾಗಿತ್ತು. ಬೀಯುನ್ ಕರವಸ್ತ್ರ ತೆಗೆದು ಜೊಲ್ಲನ್ನು ಒರೆಸಿದಳು, ಸ್ವಲ್ಪ ಒತ್ತಿಯೇ.

ಸುಳ್ಳು ಅವಳು ಮೊದಲೇ ಲೆಕ್ಕ ಹಾಕಿ ಹೇಳಿದ್ದಲ್ಲ. ನಾಲ್ಕನೆಯ ಗುರುವಾರ ಬೆಳಗ್ಗೆ ಅವನು ಕೆನ್ನೆ ತೋರಿಸಿದ. ಅವಳು ಕ್ಷೌರದ ಕತ್ತಿ ಹಿಡಿದು ಬಾಗಿದಳು. ಅಷ್ಟರಲ್ಲಿ ಬಾಯಿಂದ ಬಂತು. "ಇವತ್ತು ಅಂಗಡಿ ಇಲ್ಲ. ಫೋನ್ ಬಂದಿತ್ತು. ಅವಳಮ್ಮನಿಗೆ ಹುಷಾರಿಲ್ವಂತೆ, ಶಿನ್‌ಚುಗೆ ಹೋಗಿದ್ದಾಳೆ. ಯಾವಾಗ ಬರ್ತಾಳೋ ಗೊತ್ತಿಲ್ಲ." ಅವನು ಅವಳ ಮುಖವನ್ನೇ ನೋಡಿದ. ಸೋಪಿನ ನೊರೆಯ ನಡುವೆ ಅವನ ಕಣ್ಣು ಎಂದಿಗಿಂತ ಕಪ್ಪಾಗಿ ಕಾಣಿಸಿತು. ಹೇಳಿದ ಸುಳ್ಳಿಗಿಂತ, ಗೊತ್ತೇ ಇಲ್ಲದ ಯಾರದೋ ತಾಯಿಗೆ ಕಾಯಿಲೆ ತಗುಲಿಸಿದೆನಲ್ಲ ಎಂಬುದು ಅವಳನ್ನು ಹೆದರಿಸಿತು. ಆಸ್ಪತ್ರೆಯಿಂದ ಬರುವಾಗ ಟ್ಯಾಕ್ಸಿಯವನಿಗೆ ಬೇರೆ ದಾರಿ ಹಿಡಿಯಲು ಹೇಳಿದಳು.

ಮಾರನೆಯ ಬೆಳಗ್ಗೆ ಸಂತೆಗೆ ಹೋಗಿ ಅವಳೇ ಮೀನು ಕೊಂಡಳು. ಬಾತುಮೊಟ್ಟೆ ಮಾರುವವಳ ಪಕ್ಕದಲ್ಲಿ ಒಬ್ಬ ಬಣ್ಣದ ಮೀನುಗಳನ್ನು ತೊಟ್ಟಿಯಲ್ಲಿಟ್ಟು ಮಾರುತ್ತಿದ್ದ. ಚಿನ್ನದ ಮೈಮೇಲೆ ನೀಲಿ ಚುಕ್ಕೆ ಎರಚಿದಂತಿದ್ದ ರ‍್ಯಾಮ್ ಜೋಡಿಯೊಂದು ಅಲ್ಲಿತ್ತು. ಅದರ ಮುಂದೆ ಆ ಜುಟ್ಟಿನದು ಹಳ್ಳಿಗಮಾರ. ಲೀಚಿಂಗ್ ಬೇಡವೆಂದದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಬೇಡವೆಂದದ್ದಕ್ಕೇ ಕೈ ಅತ್ತ ಹೋಯಿತು. "ಸುಲಭನಾ ಸಾಕೋದು?" "ಅಯ್ಯೋ ಅಜ್ಜಿ, ಅನ್ನ ಹಾಕಿದ್ರೂ ಬದುಕತ್ತೆ," ಎಂದ ಅವನು. ಮನೆಗೆ ತಂದು, ಅವನ ಕುರ್ಚಿಯನ್ನು ತೊಟ್ಟಿಯ ಮುಂದಕ್ಕೆ ಎಳೆದು, ಮೀನನ್ನು ಬಿಟ್ಟು, "ನೋಡು, ನಾನ್ ಆರಿಸಿದ್ದು," ಎಂದಳು. ಕುನ್‌ಶಾನ್ ನೋಡಿದ. ಒಂದು ನಿಮಿಷವೂ ಇಲ್ಲ. ಆಮೇಲೆ ಬದುಕಿರುವ ಕಾಲನ್ನು ನೆಲಕ್ಕೆ ಊರಿ, ಉಸಿರು ಕಟ್ಟಿ, ಕುರ್ಚಿಯನ್ನು ತಾನೇ ಇಂಚಿಂಚಾಗಿ ಗೋಡೆಯ ಕಡೆಗೆ ತಿರುಗಿಸಿಕೊಂಡ.

ಗಂಡು ನಾಲ್ಕನೆಯ ದಿನ ಸತ್ತಿತು. ಮರಳಿನ ಮೇಲೆ ಪಕ್ಕಕ್ಕೆ ಒರಗಿತ್ತು, ಬಣ್ಣವೆಲ್ಲ ಇಳಿದು. ಹೆಣ್ಣು ಮೂಲೆಯಲ್ಲಿ ಹೀಟರಿನ ಕೊಳವೆಗೆ ಅಂಟಿಕೊಂಡು ಬೇಗ ಬೇಗ ಉಸಿರಾಡುತ್ತಿತ್ತು. ಅವನು ಏಳುವ ಮೊದಲೇ ಬೀಯುನ್ ಸತ್ತದ್ದನ್ನು ಚಹಾ ಸೋಸುವ ಜರಡಿಯಲ್ಲಿ ಎತ್ತಿ, ಕಾಮಕಸ್ತೂರಿಯ ಕುಂಡದಲ್ಲಿ ಹೂತಳು. ಉಗುರಿನೊಳಗೆ ಮಣ್ಣು ಹೊಕ್ಕಿತು. ತನ್ನ ಗಂಡನ ಬಾಯಿಂದ ಹೊರಬರಬಹುದಾಗಿದ್ದ ಎರಡನೆಯ ಮಾತನ್ನೂ ಹೀಗೇ ಹೂತುಬಿಟ್ಟೆನೇನೋ ಎಂದು ಕೈ ತೊಳೆಯುವಾಗ ಅನ್ನಿಸಿತು. ಆದರೆ ಗುರುವಾರ ಬಂದಾಗ ಮತ್ತೆ ಹೇಳಿದಳು: ಅವಳಿನ್ನೂ ಬಂದಿಲ್ಲ. ಅವನು ಕೆನ್ನೆ ತೋರಿಸಲಿಲ್ಲ. ಬೂದು ಅಂಗಿ ತೊಡಿಸಿದಾಗ ಸುಮ್ಮನೆ ತೋಳು ಕೊಟ್ಟ.

ಅವತ್ತು ಆಸ್ಪತ್ರೆಗೆ ಹೋಗುವಾಗ ನೋಡಿದರೆ ದೊಡ್ಡ ರಸ್ತೆಯನ್ನು ಪೈಪಿಗಾಗಿ ಅಗೆದಿದ್ದರು. ಟ್ಯಾಕ್ಸಿಯವನು, ಹೊಸಬ, ಅವಳನ್ನು ಕೇಳದೆಯೇ ಗಾಡಿಯನ್ನು ಎಡಕ್ಕೆ ತಿರುಗಿಸಿದ. ಯಾವ ಬೀದಿ ಎಂದು ಅವಳಿಗೆ ತಿಳಿಯುವ ಹೊತ್ತಿಗೆ ಅಂಗಡಿ ಎದುರಿಗೇ ಇತ್ತು. ಬಾಗಿಲು ಹಾರುಹೊಡೆದಿತ್ತು. ಲೀಚಿಂಗ್ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ಡಬ್ಬಿಯಿಂದ ಊಟ ಮಾಡುತ್ತಿದ್ದಳು. ಮುಂದೆ ಲಾರಿ ನಿಂತಿದ್ದರಿಂದ ಟ್ಯಾಕ್ಸಿ ನಿಂತಿತು. ಲೀಚಿಂಗ್ ತಲೆಯೆತ್ತಿ, ಗಾಜಿನೊಳಗೆ ಅವನನ್ನು ಕಂಡು, ಚಾಪ್‌ಸ್ಟಿಕ್ ಹಿಡಿದ ಕೈಯನ್ನೇ ಎತ್ತಿ ಬೀಸಿದಳು. ಬೀಯುನ್ ತೊಡೆಯ ಮೇಲಿನ ಚೀಲದ ಜಿಪ್ಪನ್ನು ತೆರೆದಳು, ಮುಚ್ಚಿದಳು.

"ಸುಳ್ಳಿ."

ರೇಡಿಯೊದಲ್ಲಿ ಬಂತು ಎಂದುಕೊಂಡಳು. ಟ್ಯಾಕ್ಸಿಯವನ ಕಣ್ಣು ಕನ್ನಡಿಯಲ್ಲಿ ಮೇಲೆದ್ದಿತು. ಅವಳು ನಿಧಾನವಾಗಿ ತಿರುಗಿದಳು. ಕುನ್‌ಶಾನನ ಮುಖ ಕೆಂಪಾಗಿತ್ತು, ಕತ್ತಿನ ನರ ಉಬ್ಬಿತ್ತು. ಬೆಲೆ ಕೂಗಿ ಹಿಂದೆ ಸರಿದ ವ್ಯಾಪಾರಿಯನ್ನು ಕಟ್ಟೆಯ ಮೇಲಿನಿಂದ ಅವನು ಹೀಗೇ ನೋಡುತ್ತಿದ್ದದ್ದು. ಈ ಎಂಟು ತಿಂಗಳೂ ಅವನ ನೋಟ ಅವಳ ಮೇಲೆ ಚಮಚ ಬರುವ, ಟವೆಲ್ಲು ಬರುವ ದಿಕ್ಕೊಂದರ ಮೇಲೆ ಬೀಳುವಂತೆ ಬೀಳುತ್ತಿತ್ತು. ಈಗ ಅವನು ನೋಡುತ್ತಿದ್ದದ್ದು ಹೆಂಡತಿಯನ್ನು.

"ಏನಂದೆ?"

"ಸು... ಸುಳ್ಳಿ!"

ನಾಲಗೆ ಮೇಲಕ್ಕೆ ಮಡಚಿ, ಅಂಗುಳಕ್ಕೆ ಹೊಡೆದು, ಇಳಿದಿತ್ತು. ಅಕ್ಷರ ಪೂರ್ತಿಯಾಗಿತ್ತು. ನಾಚಿಕೆ ಕಾಲಿನಿಂದ ತಲೆಯವರೆಗೆ ಒಮ್ಮೆ ಸುಟ್ಟುಕೊಂಡು ಹೋಯಿತು. ಅದರ ಹಿಂದೆಯೇ ಬಂದದ್ದೇನೆಂದು ಅವಳಿಗೆ ತಿಳಿಯಲಿಲ್ಲ, ಎದೆ ಎಷ್ಟು ಹಿಗ್ಗಿತೆಂದರೆ ನೋವಾಯಿತು. "ಹೌದು ಕಣೋ ಮುದುಕಾ, ಸುಳ್ಳಿ ನಾನು. ಸುಳ್ಳು ಹೇಳ್ದೆ. ಅವಳೆಲ್ಲೂ ಹೋಗಿರ್ಲಿಲ್ಲ. ಇನ್ನೊಂದ್ ಸಲ ಅನ್ನು. ಅನ್ನೋ!" ಅವನು ಅಂದ. ಟ್ಯಾಕ್ಸಿಯವನು ಅಳುಕುತ್ತ, "ಅಜ್ಜಿ, ಆಸ್ಪತ್ರೆಗೆ ಹೊತ್ತಾಗತ್ತೆ, ಜಗಳ ಆಮೇಲೆ..." ಎಂದ. "ನೀನು ಗಾಡಿ ಪಕ್ಕಕ್ಕೆ ಹಾಕಪ್ಪ," ಎಂದಳು ಬೀಯುನ್.

ಅಂಗಡಿಯಲ್ಲಿ ಹತ್ತು ನಿಮಿಷವೂ ಆಗಲಿಲ್ಲ. ಲೀಚಿಂಗ್ ಓಡಿಬಂದು, "ಎಲ್ ಕಾಣೆಯಾಗಿದ್ರಿ ಅಣ್ಣಾ?" ಎಂದು ಅವನ ತೋಳಿಗೆ ಕೈ ಹಾಕಿದಾಗ ಬೀಯುನ್‌ಗೆ ಮೊದಲಿನಷ್ಟೇ ಉರಿಯಿತು, ಅದೇನೂ ಆರಿರಲಿಲ್ಲ. ಸಂತೆಯ ರ‍್ಯಾಮ್, ಸತ್ತ ಗಂಡು, ಹೇಳಿದ ಸುಳ್ಳು, ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದಳು. ಯಾಕೆ ಎಂದು ಲೀಚಿಂಗ್ ಕೇಳಲಿಲ್ಲ. ಉಳಿದ ಹೆಣ್ಣನ್ನು ನಾಳೆ ತಂದುಕೊಡಿ, ಬೆಚ್ಚನೆ ನೀರಲ್ಲಿ ನೋಡಿಕೊಳ್ಳುತ್ತೇನೆ ಎಂದಳು ಅಷ್ಟೆ. ಮೀನಿನ ವಿಷಯದಲ್ಲಿ ಕುನ್‌ಶಾನ್ ಚರ್ಚೆಗೆ ಎಡೆಯನ್ನೇ ಕೊಡಲಿಲ್ಲ; ಬೆರಳು ನೆಟ್ಟಗೆ ಕಿತ್ತಳೆ ಬಾಲದ ಆ ಗಂಡಿನ ಮೇಲೆ ನಿಂತಿತು. ಜೊತೆಗೊಂದು ಹೆಣ್ಣು, ಹಳದಿ ಮೈಯ, ಗುಲಗಂಜಿಯಂಥ ಕಣ್ಣಿನ ಸಣ್ಣದು.

ಆಸ್ಪತ್ರೆಗೆ ತಲುಪಿದಾಗ ಅರ್ಧ ಗಂಟೆ ತಡವಾಗಿತ್ತು. ಬೀಯುನ್ ಮೀನಿನ ಚೀಲವನ್ನು ಮಡಿಲಲ್ಲಿ ಎರಡು ಕೈಯಲ್ಲಿ ಹಿಡಿದು ಕೂತಳು. ಮಾತು ಕಲಿಸುವ ಹುಡುಗಿ ಎಂದಿನ ಚಿತ್ರಗಳನ್ನು ಮೇಜಿನ ಮೇಲೆ ಹರಡಿ, ಒಂದನ್ನು ಮುಂದೆ ತಳ್ಳಿದಳು. ಬಟ್ಟಲಿನ ಚಿತ್ರ.

"ಇದೇನು ಅಜ್ಜ?"

"ಸುಳ್ಳಿ."

ಹುಡುಗಿಯ ಬಾಯಿ ತೆರೆದುಕೊಂಡಿತು. ಪೆನ್ನು ಉರುಳಿ ನೆಲಕ್ಕೆ ಬಿತ್ತು. ಕೊಡೆಯ ಚಿತ್ರ ತೋರಿಸಿದಳು. "ಸುಳ್ಳಿ," ಎಂದ ಕುನ್‌ಶಾನ್, ಇನ್ನೂ ಖಚಿತವಾಗಿ. ನಾಯಿಗೂ ಅದೇ, ಗಡಿಯಾರಕ್ಕೂ ಅದೇ. ದನಿ ಒಂದೊಂದಕ್ಕೂ ಒಂದೊಂದು ಮೆಟ್ಟಿಲು ಏರುತ್ತಿತ್ತು. ಪಕ್ಕದ ಕೋಣೆಯಿಂದ ಯಾರೋ ಇಣುಕಿದರು. ಹುಡುಗಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಅಜ್ಜಿ, ಮಾತು ಬಂತಲ್ಲ! ಎಲ್ಲಿಂದ ಬಂತು ಈ ಶಬ್ದ? ಮೀನಿನ ಅಂಗಡಿಯವರು ಕಲಿಸಿದ್ರಾ? ಯಾರು ಈ ಸುಳ್ಳಿ?"

"ಅವಳ್ಯಾಕೆ ಕಲಿಸ್ತಾಳೆ?" ಎಂದಳು ಬೀಯುನ್. ಚೀಲದೊಳಗೆ ಮೀನುಗಳು ಒಂದರ ಹಿಂದೊಂದು ತಿರುಗುತ್ತಿದ್ದವು. ಅವಳು ಅದನ್ನು ಅಲುಗದಂತೆ ಎದೆಗೆ ಒತ್ತಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತಳು. "ನಾನು. ನನ್ನನ್ನೇ ಅವನು ಕರೀತಿರೋದು."